ಹಾಜರಿಯ ಮೊತ್ತ ಸೊನ್ನೆ

“ಯಾರ್ರೀ ಈ ಶೀಟ್ ಮಾಡಿದವ್ರು? ಮೊತ್ತ ಸೊನ್ನೆ ಬರಾಕತ್ತೈತಿ!”

ತಾರ್ನಾಕ ಬಡಾವಣೆಯ ಕನ್ನಡ ಸಂಘದಲ್ಲಿ ಸಂಪದಾ ಹೀಗೆಂದು ಕಂಪ್ಯೂಟರಿನಿಂದ ತಲೆ ಎತ್ತಿದಳು. ಬಾಗಿಲಲ್ಲಿ ಸಮರ್ಥ್!

“ನಾನೇ ರೀ...” ಎಂದ ಮೆಲ್ಲಗೆ.

ಅವನನ್ನು ನೋಡಿ ಎರಡು ವರ್ಷ! ಆಗ ಸಂಘದ ಭಾನುವಾರದ ಕನ್ನಡ ತರಗತಿಗೆ ಅವಳೇ ಟೀಚರ್. ಅವನು ಹಿಂದಿನ ಬೆಂಚಿನ ದೊಡ್ಡ ವಿದ್ಯಾರ್ಥಿ. ಮನೆಯಲ್ಲಿ ಕನ್ನಡ ಆಡಿದರೂ ಓದಿದ್ದೆಲ್ಲ ಹಿಂದಿಯಲ್ಲಿ. ತರಗತಿ ಮುಗಿಸಿ ಇಬ್ಬರೂ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆಯ ಕನ್ನಡ ಪುಸ್ತಕ ಹುಡುಕುತ್ತಿದ್ದರು. ಎಂಥ ಭಾನುವಾರಗಳು ಅವು!

ಅಲ್ಲೇ ಒಂದು ದಿನ, “ನನ್ನ ಮದುವಿ ಆಗ್ತೀರೇನ್ರೀ?” ಎಂದು ಕೇಳಿದ್ದ. ನಾಚಿಕೆಗೆ ಇವಳು ಬಾಯಿಗೆ ಬಂದದ್ದು ಅಂದುಬಿಟ್ಟಳು.

“ಮೊದ್ಲ ಕನ್ನಡ ಅಂಕಿ ಬರಿಯೋದು ಕಲೀರಿ!”

ಅವನ ಮುಖ ಸಣ್ಣದಾಯಿತು. ಮುಂದಿನ ವಾರ ಬರಲಿಲ್ಲ. ಮುನಿಸಿಕೊಂಡು ಇವಳೂ ತರಗತಿ ಬಿಟ್ಟಳು. ಆಮೇಲೆ ಎಷ್ಟು ಅತ್ತಳೋ ಅವಳಿಗೇ ಗೊತ್ತು.

ಇಂದು ಸಂಜೆಯೊಳಗೆ ಬೀದರಿನ ಸಂಬಂಧಕ್ಕೆ ಒಪ್ಪಿಗೆ ಹೇಳಬೇಕಿತ್ತು. ಹಾಜರಿ ಲೆಕ್ಕ ಕೂಡುತ್ತಿಲ್ಲವೆಂದು ಕಾರ್ಯದರ್ಶಿ ಉಮಾಬಾಯಿ ಅಂಗಲಾಚಿದ್ದಕ್ಕೆ ಇತ್ತ ಬಂದಿದ್ದಳು, ಅಷ್ಟೇ.

“ಸೂತ್ರ ಸರಿ ಐತಿ... ಸಾಲೂ ಎಲ್ಲಾ ಸೇರ್ಯಾವ...” ಮೌಸ್ ಹಿಡಿದು ಒಂದೊಂದೇ ಚೌಕ ನೋಡಿದಳು. ಆಗ ಕಂಡಿತು. ಅಂಕಿಗಳು ಚೌಕದ ಬಲಕ್ಕಿರಬೇಕು, ಇವೆಲ್ಲ ಎಡಕ್ಕಿದ್ದವು. ಯಂತ್ರ ಇವನ್ನು ಬರೀ ಅಕ್ಷರ ಎಂದುಕೊಂಡಿದೆ!

೧೨... ೧೪... ೯...

ಕನ್ನಡ ಅಂಕಿಗಳು! ಓದಿ ಓದಿ ರೂಢಿಯಾದ ಅವಳ ಕಣ್ಣಿಗೆ ಇಷ್ಟು ಹೊತ್ತು ಹೊಳೆದೇ ಇರಲಿಲ್ಲ. ಎರಡು ವರ್ಷದ ಒಂದೊಂದು ಭಾನುವಾರದ ಹಾಜರಿಯೂ ಹಾಗೇ ಬರೆದಿತ್ತು.

“ಈಗ ತರಗತಿ ಯಾರು ನಡಸ್ತಾರ್ರೀ?”

“ನಾನೇ. ಅಂಕಿ ಕಲಿಯಾಕ ಮೂರು ವಾರ ಹಿಡೀತು. ಕಲ್ತು ಓಡಿ ಬಂದ್ರ... ನೀವ ಇರ್ಲಿಲ್ಲ. ನಾ ನಿಮಗ ಬ್ಯಾಡ ಅಂತ ತಿಳ್ಕೊಂಡೆ. ತರಗತಿ ಮಾತ್ರ ನಿಲ್ಲಬಾರ್ದು ಅನ್ನಿಸ್ತು.”

‘ಅಯ್ಯೋ, ನನ್ನ ಹುಚ್ಚು ಮಾತೇ!’ ಸಂಪದಾಳ ಕಣ್ಣು ತುಂಬಿ ಬಂತು.

“ಬ್ಯಾಡ ಅಂದಿದ್ನೇನ್ರೀ ನಾ? ಭಾಳ ನಾಚಿಕಿ ಆಗಿತ್ತು, ಅಷ್ಟ!”

ಅವನ ಮುಖವನ್ನೇ ನೋಡುತ್ತ ಅಪ್ಪನಿಗೆ ಫೋನ್ ಹಚ್ಚಿದಳು. “ಅಪ್ಪಾ, ಬೀದರಿನವ್ರಿಗೆ ಬ್ಯಾಡ ಅಂತ ಹೇಳ್ರಿ... ಮನಿಗೆ ಬಂದು ಎಲ್ಲಾ ಹೇಳ್ತೀನಿ.”

ಸಮರ್ಥ್ ಬಾಗಿಲು ಬಿಟ್ಟು ಅವಳ ಹತ್ತಿರ ಬಂದ.

“ನಾನೂ ಬರ್ಲೇನ್ರೀ? ಅಪ್ಪಾರನ್ನ ಏನಂತ ಕೇಳ್ಲಿ?”

ಸಂಪದಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನೀವು ಒಂದ್ಸಲ ಕೇಳಿದ್ದು ಸಾಕು. ಬರ್ರಿ... ಈ ಸಲ ನಾ ಕೇಳ್ತೀನಿ.”