ಸುಡದ ಅಂಗೈ

ಪಿಕಪ್ ಗಾಡಿಯ ನಂಬರ್ ಪ್ಲೇಟಿನ ಹಿಂದೆ ಸಿಕ್ಕಿಕೊಂಡಿದ್ದ ಕರಿ ಉಣ್ಣೆಯ ತುಣುಕನ್ನು ಶೈಲಾ ಎಳೆದಳು. ಅದು ಕಂಬಳಿಯ ಅಂಚು. ಬೆರಳಿಗೆ ಒದ್ದೆ ಹತ್ತಿತು... ನೀರಿನ ಒದ್ದೆಯಲ್ಲ. ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಹಿತ್ತಲಿನಲ್ಲಿ ಅವಳ ಗಂಡ ಚೇತನಕುಮಾರ ಕೊಡದ ಮೇಲೆ ಕೊಡ ನೀರು ಸುರಿದು ಗಾಡಿಯ ಮೂತಿ ತಿಕ್ಕುತ್ತಿದ್ದ. ಗಾಡಿ ತೊಳೆಯುವುದು ಯಾವತ್ತೂ ಡ್ರೈವರ್ ರಮಜಾನನ ಕೆಲಸ. ಗಂಡ ಕೈಯಲ್ಲಿ ಪೊರಕೆ ಹಿಡಿದದ್ದನ್ನು ಅವಳು ಈ ಮನೆಗೆ ಬಂದ ಮೇಲೆ ನೋಡಿದ್ದು ಅಂದೇ ಮೊದಲು. ಏನಾಯಿತೆಂದು ಕೇಳಿದಳು. ರಾತ್ರಿ ಅಂಗಡಿಗೆ ಸೀರೆ ಮುಟ್ಟಿಸಿ ಬರುವಾಗ ಕುಳಗೇರಿ ಕ್ರಾಸ್ ಹತ್ತಿರ ನಾಯಿಯೊಂದು ಅಡ್ಡ ಬಂತೆಂದು ಅವನು ತಲೆಯೆತ್ತದೆ ಹೇಳಿದ.

"ನಾಯಿ ಕಂಬಳಿ ಹೊದ್ಕೊಂಡಿತ್ತೇನ್ರಿ?"

ಅವನ ಕೈ ನಿಂತಿತು. ತುಣುಕನ್ನು ಅವಳಿಂದ ಕಸಿದುಕೊಂಡು ನೀರೊಲೆಗೆ ಎಸೆದ. ಉಣ್ಣೆ ಸುಟ್ಟ ವಾಸನೆ ಹಿತ್ತಲೆಲ್ಲ ತುಂಬಿತು. ಆಮೇಲೆ ಅವನು ತಲೆಗೆ ನೀರು ಹಾಕಿಕೊಂಡ, ಮಡಿ ಉಟ್ಟ, ಹಣೆ ತುಂಬ ವಿಭೂತಿ ಬಳಿದುಕೊಂಡು ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಕೂತ. ಮುಚ್ಚಿದ ಕಣ್ಣುಗಳಿಂದ ನೀರು ಹರಿಯುತ್ತಿತ್ತು. ಆದರೆ ಪೂಜೆ ಮುಗಿಸಿ ಎದ್ದಾಗ ಅವನ ಮುಖ ತಿಳಿಯಾಗಿತ್ತು! ತಾಯಿ ಸಿದ್ದಲಿಂಗವ್ವ ಬಡಿದು ಕೊಟ್ಟ ಬಿಸಿ ರೊಟ್ಟಿಯನ್ನು ಬದನೆಕಾಯಿ ಪಲ್ಯದ ಜೊತೆ ಉಂಡ. ಶೈಲಾ ಬಾಗಿಲ ಚೌಕಟ್ಟು ಹಿಡಿದು ನೋಡುತ್ತ ನಿಂತಳು. ಗಾಡಿಗೆ ಮನುಷ್ಯನೊಬ್ಬ ಬಡಿದದ್ದಕ್ಕಿಂತ, ಆ ರೊಟ್ಟಿ ಗಂಡನ ಗಂಟಲಲ್ಲಿ ಅಷ್ಟು ಸರಾಗವಾಗಿ ಇಳಿದದ್ದು ಅವಳನ್ನು ಹೆಚ್ಚು ನಡುಗಿಸಿತು...

ಶೈಲಾ ಚೌಕಟ್ಟಿನ ಆಚೆಗೇ ನಿಲ್ಲುವುದಕ್ಕೆ ಕಾರಣವಿತ್ತು. ಆ ಮನೆಯಲ್ಲಿ ಅವಳು ಒಲೆ ಮುಟ್ಟುವಂತಿರಲಿಲ್ಲ. ಅವಳ ಕೊರಳಲ್ಲಿ ಲಿಂಗವಿರಲಿಲ್ಲ. ಹೋದ ವರ್ಷ ಅವಳ ಕೂಸಿಗೆ ಜ್ವರ ಬಂದು ಬಾಗಲಕೋಟೆಯ ದವಾಖಾನೆಯಲ್ಲಿ ಮಲಗಿಸಿದಾಗ, ಹಾಸಿಗೆಯ ಪಕ್ಕ ಕೂತು ಲಿಂಗವನ್ನು ಅಂಗೈಯಲ್ಲಿ ಬಿಗಿಹಿಡಿದು ಬೇಡಿಕೊಂಡಿದ್ದಳು. ಕೂಸು ಉಳಿಯಲಿಲ್ಲ. ಮಣ್ಣು ಮಾಡಿ ಬಂದ ದಿನ ಕೊರಳಿನಲ್ಲಿದ್ದ, ಲಿಂಗವಿಟ್ಟ ಬೆಳ್ಳಿಯ ಕರಡಿಗೆಯನ್ನು ಬಿಚ್ಚಿ ಅತ್ತೆಯ ಮುಂದಿಟ್ಟು, ತನಗೂ ಇದಕ್ಕೂ ಮಾತು ಮುಗಿಯಿತೆಂದು ಹೇಳಿದ್ದಳು. ಸಿದ್ದಲಿಂಗವ್ವ ಬೆವೆತುಹೋಗಿದ್ದಳು. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು, ಅದೊಂದನ್ನೇ ಎದೆಗೆ ಅವುಚಿಕೊಂಡು ಮಗನನ್ನು ಬೆಳೆಸಿದ ಹೆಂಗಸು ಅವಳು. ಜೀವ ಹೋದರೂ ಬಿಚ್ಚಬಾರದ್ದನ್ನು ಸೊಸೆ ಬಿಚ್ಚಿಟ್ಟಿದ್ದಳು! ಲಿಂಗವಿಲ್ಲದ ಭವಿಯ ಕೈಯಡಿಗೆ ತನ್ನ ಬಾಯಿಗೆ ಬರುವುದಿಲ್ಲವೆಂದು ಅಂದೇ ಹೇಳಿಬಿಟ್ಟಳು. ಅಂದಿನಿಂದ ಶೈಲಾಳಿಗೆ ಪಡಸಾಲೆಯಲ್ಲಿ ನೆಲ ತೋಡಿ ಹೂಡಿದ ಕುಣಿಮಗ್ಗವೇ ಮನೆ. ಹೊತ್ತು ಹೊತ್ತಿಗೆ ತಾಟಿನಲ್ಲಿ ರೊಟ್ಟಿ ಮಗ್ಗದ ಬಳಿಗೇ ಬರುತ್ತಿತ್ತು. ರಮಜಾನನ ಹೆಂಡತಿ ಫರಹಾನಾ ಅಲ್ಲೇ ಎದುರಿಗೆ ಕೂತು ಕಂಡಿಕೆಗೆ ನೂಲು ಸುತ್ತುತ್ತ ನಗಿಸಲು ನೋಡುತ್ತಿದ್ದಳು. "ಆ ಅಡಗಿಮನಿಗೆ ನಾನೂ ಹೊರಗ, ನೀನೂ ಹೊರಗ. ನನಗ ಪಗಾರರ ಐತವ್ವ" ಎನ್ನುತ್ತಿದ್ದಳು.

ಆ ದಿನ ಮಧ್ಯಾಹ್ನದ ಹೊತ್ತಿಗೆ ಸುದ್ದಿ ಇಳಕಲ್ಲಿಗೆ ಬಂತು. ರಾತ್ರಿ ಕುರಿ ಹಿಂಡಿನ ಹಿಂದೆ ನಡೆಯುತ್ತಿದ್ದ ಹುಲ್ಲಪ್ಪನೆಂಬ ಕುರುಬನಿಗೆ ಗಾಡಿ ಬಡಿದು ಹೋಗಿತ್ತು. ಬೆಳಗಿನವರೆಗೂ ಅವನು ರಸ್ತೆ ಬದಿಯ ಜಾಲಿಗಿಡದ ಬುಡದಲ್ಲಿ ನರಳುತ್ತ ಬಿದ್ದಿದ್ದ. ಲಗೂನೆ ತಂದಿದ್ದರೆ ಉಳಿಯುತ್ತಿದ್ದ ಎಂದು ಡಾಕ್ಟರು ಹೇಳಿದರಂತೆ... ಚಹಾ ಅಂಗಡಿಯವನೊಬ್ಬ ಗಾಡಿಯ ನಂಬರ್ ನೋಡಿದ್ದ. ಪೊಲೀಸರು ಮನೆಗೆ ಬಂದಾಗ ಚೇತನಕುಮಾರ, ಗಾಡಿ ರಮಜಾನನ ಕೈಯಲ್ಲಿತ್ತು, ತಾನು ಮನೆಯಲ್ಲಿದ್ದೆ ಎಂದ. ಖರೆ ನೋಡಿದರೆ ರಮಜಾನ ಆ ರಾತ್ರಿ ರಜೆ ಹಾಕಿ ಮನೆಯಲ್ಲಿ ಮಲಗಿದ್ದ. ಫರಹಾನಾ ಹುನಗುಂದದ ತವರಿಗೆ ಹೋಗಿದ್ದಳಾದ್ದರಿಂದ ಅವನನ್ನು ಕಂಡವರು ಯಾರೂ ಇರಲಿಲ್ಲ. ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಹೋಗುವಾಗ ಅವನು ಕೂಗಲಿಲ್ಲ, ಅಳಲಿಲ್ಲ. ಮಾಲೀಕನ ಮುಖವನ್ನೇ ನೋಡುತ್ತಿದ್ದ, ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎನ್ನುವಂತೆ.

ಜೀಪು ಮರೆಯಾದ ಮೇಲೆ ಶೈಲಾ ಗಂಡನ ಎದುರು ನಿಂತಳು. ಮಾತು ತುಟಿಯ ತನಕ ಬಂದು ಮರಳಿ ಹೋಗುವ ಹುಡುಗಿ ಅವಳು, ಪೊಲೀಸರ ಮುಂದೆಯೂ ಹಾಗೇ ಆಗಿತ್ತು. ಆದರೂ ಕೇಳಿದಳು, ನಿಮಗೆ ಹೇಗೆ ಉಣ್ಣಲು ಆಯಿತು ಎಂದು. ಚೇತನಕುಮಾರ ಗೋಡೆಗೆ ಒರಗಿ ಕುಸಿದು ಕೂತ. ತಾನೇನು ಬೇಕೆಂದು ಮಾಡಿದೆನೇ, ಅಂಜಿ ಓಡಿ ಬಂದೆ ಎಂದು ಬಿಕ್ಕಿದ. "ಶಿವನ ಮುಂದ ಎಲ್ಲಾ ಹೇಳ್ಕೊಂಡೇನಿ ಶೈಲಾ. ಅಂವ ಕ್ಷಮಿಸ್ಯಾನ. ಎದಿ ಹಗುರ ಆತು."

"ಜಾಲಿಗಿಡದ ಬುಡಕ ಬಿದ್ದಾವ ಕ್ಷಮಿಸ್ಯಾನೇನ್ರಿ?"

ಸಿದ್ದಲಿಂಗವ್ವ ಒಳಗಿನಿಂದ ಬಂದಳು. ಅವಳಿಗೆ ಆಗಲೇ ಎಲ್ಲ ತಿಳಿದಿತ್ತು. ಇದ್ದೊಬ್ಬ ಮಗ ಜೈಲಿಗೆ ಹೋದರೆ ತನಗಿನ್ನು ಯಾರು ಎಂಬ ಅಂಜಿಕೆ ಅವಳ ಮುಖವನ್ನು ಬೂದಿಯಾಗಿಸಿತ್ತು. ಆ ಅಂಜಿಕೆಯೇ ಸೊಸೆಯ ಮೇಲೆ ಸಿಟ್ಟಾಗಿ ಹರಿಯಿತು.

"ದೇವ್ರಿಲ್ಲ ಅನ್ನಾಕಿ ನೀ. ನಿನಗ್ಯಾವ ಪಾಪ, ಯಾವ ಪುಣ್ಯ? ನಿನಗ ಯಾರ ಅಂಜಿಕಿ ಐತಿ ಅಂತ ನಮಗ ನ್ಯಾಯ ಹೇಳಾಕ ಬಂದಿ?"

ಶೈಲಾ ಅತ್ತೆಯತ್ತ ತಿರುಗಿದಳು. "ಅಂಜಿಕಿ ಇಲ್ರಿ ಅತ್ತಿ. ಅತ್ತು ಹೇಳ್ಕೊಂಡ್ರ ಕ್ಷಮಾ ಮಾಡಾವ್ರೂ ನನಗ ಯಾರಿಲ್ಲ. ಮಾಡಿದ್ದು ನನ್ನ ಕೂಡನ ಇರ್ತೈತಿ. ಅದಕ್ಕ ಇದನ್ನ ಮುಚ್ಚಿಡಾಕ ನನ್ನ ಕೈಲೆ ಆಗೂದಿಲ್ಲ."

ಎರಡು ದಿನ ಕಳೆದು ಫರಹಾನಾ ಬಂದಳು. ಜೊತೆಗೆ ಓಣಿಯ ಹಿರಿಯರಾದ ಬಸಯ್ಯನವರನ್ನು ಕರೆತಂದಿದ್ದಳು. ಸಿದ್ದಲಿಂಗವ್ವನಿಗೆ ದೀಕ್ಷೆ ಕೊಟ್ಟ ಮನೆತನದ ಅಯ್ಯನವರು ಅವರು. ಫರಹಾನಾಳ ಕಣ್ಣುಗಳು ಬಾತುಕೊಂಡಿದ್ದವು. ತನ್ನ ಗಂಡ ಗಾಡಿ ಮುಟ್ಟಿಲ್ಲವೆಂದು ಹೇಳುತ್ತಾನೆ, ಗಾಡಿ ಅವನ ಕೈಯಲ್ಲೇ ಇತ್ತೆಂದು ನಿಮ್ಮ ಮಗ ಹೇಳುತ್ತಾರೆ, ಊರಲ್ಲಿಲ್ಲದ ತನಗೆ ಯಾರನ್ನು ನಂಬಬೇಕೋ ತಿಳಿಯುವುದಿಲ್ಲ ಎಂದಳು. ಪೊಲೀಸರಲ್ಲೂ ವಕೀಲರಲ್ಲೂ ತನಗೆ ನಂಬಿಕೆಯಿಲ್ಲ ಎಂದಳು.

"ಯವ್ವಾ, ನಿಮ್ಮ ಪೂಜಿ ನಾ ದಿನಾ ನೋಡೇನಿ. ನೀವು ಲಿಂಗ ಮುಟ್ಟಿ ಹೇಳ್ರಿ, ನಿಮ್ಮ ಮಗ ಮನ್ಯಾಗಿದ್ದ ಅಂತ. ನೀವು ಹೇಳಿದ್ರ ನಾ ನಂಬ್ತೇನಿ. ಸುಮ್ಮನ ಹೋಗ್ತೇನಿ."

ಬಸಯ್ಯನವರು ಆಗಲೆಂದು ತಲೆಯಾಡಿಸಿದರು. ಚೇತನಕುಮಾರನ ಮುಖದಲ್ಲಿ ರಕ್ತವಿರಲಿಲ್ಲ. ಶೈಲಾಳಿಗೆ ಮಾತ್ರ ಎದೆ ಹಗುರಾಯಿತು. ಅತ್ತೆ ತನ್ನನ್ನು ಮಗ್ಗದ ಬಳಿಗೆ ದೂಡಿರಬಹುದು, ಕೈಯಡಿಗೆ ಬಿಟ್ಟಿರಬಹುದು. ಆದರೆ ಲಿಂಗ ಹಿಡಿದು ಅತ್ತೆ ಸುಳ್ಳಾಡುವುದು ಸೂರ್ಯ ಹುಟ್ಟದೇ ಇದ್ದಂತೆ... ದೇವರನ್ನು ಬಿಟ್ಟ ಶೈಲಾಳಿಗೂ ಅತ್ತೆಯ ಭಕ್ತಿಯ ಮೇಲೆ ಅಷ್ಟು ನಂಬಿಕೆಯಿತ್ತು.

ಸಿದ್ದಲಿಂಗವ್ವ ಕರಡಿಗೆ ತೆರೆದಳು. ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡಳು. ಒಮ್ಮೆ ಮಗನನ್ನು ನೋಡಿದಳು.

"ನನ್ನ ಮಗ ಅವತ್ತು ಮನ್ಯಾಗನ ಇದ್ದ."

ಶೈಲಾಳ ಕೈಯಿಂದ ಲಾಳಿ ಜಾರಿ ಕುಣಿಗೆ ಬಿತ್ತು. ಸುಳ್ಳು ಎಂದಳು. ಧ್ವನಿ ಅವಳಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಸುಳ್ಳು ಎಂದಳು, ಕಂಬಳಿಯ ಅಂಚನ್ನು ತಾನೇ ಎಳೆದೆ ಎಂದಳು. ಎಲ್ಲರೂ ಅವಳತ್ತ ತಿರುಗಿದರು. ಆ ಅಂಚು ಎಲ್ಲಿದೆ ಎಂದು ಬಸಯ್ಯನವರು ಕೇಳಿದರು. ಅದು ನೀರೊಲೆಯಲ್ಲಿ ಬೂದಿಯಾಗಿತ್ತು. ಕೂಸು ಹೋದಾಗಿನಿಂದ ಅವಳ ತಲೆ ನೆಟ್ಟಗಿಲ್ಲವೆಂದು ಚೇತನಕುಮಾರ ಮೆಲ್ಲಗೆ ಹೇಳಿದ. ಬಸಯ್ಯನವರು ಮರುಕದಿಂದಲೇ ಅವಳ ಬರಿಗೊರಳನ್ನು ನೋಡಿದರು.

"ತಂಗೀ, ನೀ ಏನ ಮುಟ್ಟಿ ಹೇಳ್ತಿ?"

ಅವಳ ಬಳಿ ಮುಟ್ಟುವುದಕ್ಕೆ ಏನೂ ಇರಲಿಲ್ಲ. ಬಾಯಿಮಾತೊಂದೇ ಇತ್ತು.

ಫರಹಾನಾ ಬಾಗಿ ಸಿದ್ದಲಿಂಗವ್ವನ ಪಾದ ಮುಟ್ಟಿದಳು. ಗಂಡ ಇಷ್ಟು ದೊಡ್ಡ ಸುಳ್ಳುಗಾರನೆಂದು ತನಗೆ ಗೊತ್ತಿರಲಿಲ್ಲ, ನಾಳೆಯೇ ಹೋಗಿ ಒಪ್ಪಿಕೊ ಎಂದು ಹೇಳುತ್ತೇನೆ ಎಂದಳು. ಸೆರಗು ಬಾಯಿಗೊತ್ತಿಕೊಂಡು ಹೊರಟುಹೋದಳು...

ಅದರ ಮಾರನೆಯ ದಿನ ಮನೆಯಲ್ಲಿ ಏನೂ ಆಗಲಿಲ್ಲ. ಹಾಲಿನವ ಬಂದ. ನಳದ ನೀರು ಬಂತು. ಸಿದ್ದಲಿಂಗವ್ವ ಹಿಟ್ಟು ಕಲಸಿದಳು, ರೊಟ್ಟಿ ದುಂಡಗೇ ಆಯಿತು. ಆದರೆ ಅವಳು ಉಣ್ಣಲಿಲ್ಲ. ಪೂಜೆಗೆ ಕೂತವಳು ಕರಡಿಗೆ ತೆರೆಯದೆ ಎದ್ದಳು. ಮತ್ತೆ ಮತ್ತೆ ಎಡ ಅಂಗೈಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಸಂಜೆಯೂ ಹಾಗೇ.

ಮರುದಿನ ಬೆಳಿಗ್ಗೆ ಶೈಲಾ ಮಗ್ಗಕ್ಕೆ ಇಳಿಯಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು ಚಪ್ಪಲಿ ಮೆಟ್ಟಿಕೊಂಡಳು. ಯಾರು ನಂಬಲಿ ಬಿಡಲಿ, ಠಾಣೆಗೆ ಹೋಗಿ ಹೇಳಿ ಬರುವುದೆಂದು ನಿರ್ಧರಿಸಿದ್ದಳು. ಬಾಗಿಲಲ್ಲಿ ಸಿದ್ದಲಿಂಗವ್ವ ಕೂತಿದ್ದಳು. ತಡೆಯುತ್ತಾಳೆಂದು ಶೈಲಾ ನಿಂತಳು. ಅತ್ತೆ ತನ್ನ ಅಂಗೈ ಚಾಚಿದಳು.

"ನೋಡಿಲ್ಲೆ. ಸುಳ್ಳಾಡಿದ್ರ ಲಿಂಗ ಸುಡತೈತಿ ಅಂತ ತಿಳಿದಿದ್ದೆ. ಸಣ್ಣಾಕಿ ಇದ್ದಾಗಿಂದ ಅದನ್ನ ನಂಬೇನಿ. ಸುಡಲಿಲ್ಲ, ಶೈಲಾ... ಏನೂ ಆಗಲಿಲ್ಲ. ಅಂವ ನನ್ನ ಸುಟ್ಟಿದ್ರ ಬೇಸಿತ್ತು."

ಶೈಲಾ ಆ ಅಂಗೈಯನ್ನು ನೋಡಿದಳು. ಎಂದಿನ ಅಂಗೈಯೇ, ಹಿಟ್ಟು ಬಡಿದು ಬಡಿದು ದಡ್ಡುಗಟ್ಟಿದ್ದು. "ಯಾರೂ ಏನೂ ಮಾಡಂಗಿಲ್ಲಾಂದ್ರ ಇನ್ನ ನಾನ ಮಾಡಬೇಕಲ್ಲ" ಎಂದು ಸಿದ್ದಲಿಂಗವ್ವ ನೆಲಕ್ಕೆ ಕೈಯೂರಿ ಎದ್ದಳು. "ನಡಿ. ನಾನೂ ಬರ್ತೇನಿ. ಮೊದಲ ಫರಹಾನಾನ ಮನಿಗೆ."

ಫರಹಾನಾ ಬಾಗಿಲು ತೆರೆದಳು. ಸಿದ್ದಲಿಂಗವ್ವ ಹೊಸ್ತಿಲಾಚೆಯೇ ನಿಂತು, ಓಣಿಯವರೆಲ್ಲ ಕೇಳುವಂತೆ, ತಾನು ಸುಳ್ಳು ಹೇಳಿದೆನೆಂದಳು. ಬೈಗುಳ ಬರುತ್ತದೆಂದು ತಲೆ ತಗ್ಗಿಸಿದಳು. ಬೈಗುಳ ಬರಲಿಲ್ಲ. ಫರಹಾನಾ ಗೋಡೆ ಹಿಡಿದುಕೊಂಡಳು. ಅವಳ ಕಣ್ಣು ಎಲ್ಲಿಯೂ ನೋಡುತ್ತಿರಲಿಲ್ಲ.

"ನಿನ್ನೆ ಠಾಣೆಗೆ ಹೋಗಿದ್ದೆ ಯವ್ವಾ. 'ನೀನರ ನನ್ನ ನಂಬು' ಅಂದ. 'ಆ ಯವ್ವ ಲಿಂಗ ಹಿಡಿದು ಹೇಳ್ಯಾರ, ನೀ ಸುಳ್ಳುಗಾರ' ಅಂತ ಅಂವನ ಮಾರಿಗೆ ಹೇಳಿ ಬಂದೆ."

ಬಾಗಿಲು ಮುಚ್ಚಿತು. ಜೋರಾಗಿ ಅಲ್ಲ, ಮೆಲ್ಲಗೆ.

ಚೇತನಕುಮಾರ ತಾಯಿಯೊಡನೆ ಜಗಳಾಡಲಿಲ್ಲ. ನೀನೇ ಹೀಗೆ ಮಾಡಿದರೆ ಹೇಗೆ ಎಂದು ಒಮ್ಮೆ ಕೇಳಿದ, ಅಷ್ಟೆ. ತಾಯಿ ಅವನ ರಟ್ಟೆ ಹಿಡಿದು, ಸಾಲಿಗೆ ಕರೆದೊಯ್ದಂತೆ ಠಾಣೆಯ ಮೆಟ್ಟಿಲು ಹತ್ತಿಸಿದಳು. ಒಳಗೆ ಹೋಗುವ ಮುಂಚೆ ಅವನು ಹಿಂತಿರುಗಿ ಹೆಂಡತಿಯನ್ನು ನೋಡಿದ. ಶೈಲಾ ಕಣ್ಣು ತಪ್ಪಿಸಲಿಲ್ಲ. ಹುಲ್ಲಪ್ಪನ ಹೆಂಡತಿ ಹುಚ್ಚವ್ವನ ಮನೆಗೂ ಅತ್ತೆ ಸೊಸೆ ಹೋದರು. ಆಕೆ ಕುಡಿಯಲು ನೀರು ಕೊಟ್ಟಳು, ಒಳಗೆ ಕರೆಯಲಿಲ್ಲ. ರಮಜಾನ ಮನೆಗೆ ಬಂದ. ಫರಹಾನಾ ಕಂಡಿಕೆ ಸುತ್ತಲು ಮತ್ತೆಂದೂ ಬರಲಿಲ್ಲ.

ಈಗ ಸಿದ್ದಲಿಂಗವ್ವನೇ ಮಗ್ಗದ ಎದುರು ಕೂತು ಕಂಡಿಕೆ ಸುತ್ತುತ್ತಾಳೆ. ಲಿಂಗಪೂಜೆ ಬಿಟ್ಟಿಲ್ಲ. ಆದರೆ ಏನನ್ನೂ ಬೇಡುವುದಿಲ್ಲ. ಶೈಲಾಳ ಕೊರಳು ಇನ್ನೂ ಬರಿದೇ.

ಠಾಣೆಯಿಂದ ಮರಳಿದ ಆ ದಿನ ಒಲೆ ತಣ್ಣಗಿತ್ತು. ಸಿದ್ದಲಿಂಗವ್ವ ಅಡಿಗೆಮನೆಯ ಗೋಡೆಗೆ ಒರಗಿ ಕೂತಳು. ಹಿಟ್ಟಿನ ಡಬ್ಬಿಯನ್ನು ಸೊಸೆಯ ಕಡೆ ದೂಡಿದಳು. ರೊಟ್ಟಿ ಬಡಿ ಎಂದಳು. ಶೈಲಾ ಚೌಕಟ್ಟಿನ ಆಚೆಯೇ ನಿಂತಿದ್ದಳು.

"ನಾ ಭವಿ ಅದೀನ್ರಿ ಅತ್ತಿ."

"ಗೊತ್ತೈತಿ. ಒಳಗ ಬಾ."

ಶೈಲಾ ಒಲೆ ಹೊತ್ತಿಸಿದಳು. ಕೈ ಮರೆತುಹೋಗಿತ್ತು, ರೊಟ್ಟಿ ಒಂದು ಬದಿಗೆ ಹರಿಯಿತು, ಮತ್ತೊಂದು ಬದಿಗೆ ಸೀದಿತು. ಸಿದ್ದಲಿಂಗವ್ವ ಅದನ್ನು ಆ ಎಡ ಅಂಗೈ ಮೇಲೆಯೇ ಇಟ್ಟುಕೊಂಡು, ಬಿಸಿ ತಾಗಿದರೂ ಕೆಳಗಿಡದೆ, ಮುರಿದು ಮುರಿದು ಉಂಡಳು.