ಮನೆಯವರಿಗೊಂದು ಮರದ ಬಟ್ಟಲು

"ಇದನ್ನ ಯಾರಾದ್ರೂ ದುಡ್ಡು ಕೊಟ್ಟು ತಗೋತಾರಾ?"

ಬಣ್ಣ ಬಳಿದ ಮರದ ಹಂಸವನ್ನು ಸತ್ತ ಇಲಿ ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದು ಅವಳು ಕೇಳಿದಳು.

ಬಡಗಿ ತಲೆ ಎತ್ತಿದ. ಕೂದಲ ತುಂಬ ಮರದ ಹೊಟ್ಟು, ಕಣ್ಣಲ್ಲಿ ಕೆಂಡ.

"ತಗೋತಾರೆ. ಕಣ್ಣಿದ್ದೋರು."

ಅಬ್ಬಾ, ಎಂಥ ಸೊಕ್ಕು! ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಆ ಮುಖದಿಂದ ಕಣ್ಣು ಕೀಳಲಾಗಲಿಲ್ಲ...

ಅವಳು ನರ್ಸು. ತರಬೇತಿಗೆಂದು ವಿದೇಶಕ್ಕೆ ಹೊರಟಿದ್ದಳು. ಅಲ್ಲಿ ವಯಸ್ಸಾದ ದಂಪತಿಯ ಮನೆಯಲ್ಲಿ ವಾಸ. "ಇನ್ಮೇಲೆ ಅವರೇ ನಿಮ್ಮ ಮನೆಯವರು" ಎಂದು ಸಂಸ್ಥೆಯವರು ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಗುರುತಿಲ್ಲದವರ ಹಂಗಿನಲ್ಲಿ ಬದುಕಬೇಕಲ್ಲ ಎಂಬ ಅಳುಕು ಬೇರೆ. ಕೈಯಲ್ಲಿ ಒಳ್ಳೆಯ ಉಡುಗೊರೆಯಿದ್ದರೆ ತಲೆ ಎತ್ತಿ ಹೊಸಿಲು ದಾಟಬಹುದು ಎಂದುಕೊಂಡಿದ್ದಳು.

ಅತ್ತಿಗೆಯೋ, ತನ್ನ ಮದುವೆಗೆ ಬಂದಿದ್ದ ಗೋಡೆ ಗಡಿಯಾರವನ್ನೇ ದಾಟಿಸಲು ನೋಡಿದ್ದಳು. "ಪ್ಯಾಕಿಂಗೂ ಬಿಚ್ಚಿಲ್ಲ ಕಣೇ, ಹೊಸದೇ!"

ಥೂ! ಯಾರಿಗೂ ಬೇಡವಾದದ್ದು ವಿಮಾನ ಹತ್ತಿದ ಮಾತ್ರಕ್ಕೆ ಉಡುಗೊರೆಯಾಗಿಬಿಡುತ್ತದೆಯೇ?

"ಯಾರಿಗೆ ಬೇಕಿತ್ತು?" ಬಡಗಿ ಕೇಳಿದ.

"ನಮ್ಮ ಮನೆಯವರಿಗೆ. ವಿದೇಶದಲ್ಲಿದ್ದಾರೆ."

ನೋಡಿ, ಎಡವಟ್ಟಾದದ್ದು ಇಲ್ಲೇ! ಹೆಣ್ಣೊಬ್ಬಳು 'ನಮ್ಮ ಮನೆಯವರು' ಅಂದರೆ ಗಂಡನಲ್ಲದೆ ಇನ್ಯಾರು ಹೊಳೆದಾರು? ಬಡಗಿಯ ಮುಖ ಸಪ್ಪಗಾಯಿತು.

"ಎಂಥವರು?"

"ವಯಸ್ಸಾಗಿದೆ. ಮಂಡಿನೋವಂತೆ. ಫೋನಲ್ಲಿ ಮಾತಾಡಿದ್ದಷ್ಟೇ, ಇನ್ನೂ ಮುಖ ನೋಡಿಲ್ಲ."

"ಮುಖಾನೇ ನೋಡಿಲ್ವಾ!" ಅವನು ಮೂಗು ಮುರಿದ. "ಹಾಗಾದ್ರೆ ಒಂದು ಊರುಗೋಲು ಕೊಡ್ಲಾ?"

"ನಿಮ್ಮ ನಾಲಿಗೆಗೆ ಉಳಿ ಕಟ್ಟಿದ್ದಾರಾ? ಬಾಗಿಲ ಹತ್ರ ಇಡೋಕೆ ಒಂದು ಬಟ್ಟಲು ಮಾಡ್ಕೊಡಿ. ಬೀಗದ ಕೈ ಹಾಕೋಕೆ. ಶೋಕೇಸಲ್ಲಿ ಕೂರೋದು ಬೇಡ, ದಿನಾ ಕೈಗೆ ಸಿಗಬೇಕು."

ಬಟ್ಟಲು ನೋಡುವ ನೆಪದಲ್ಲಿ ಡ್ಯೂಟಿ ಮುಗಿಸಿ ಅವಳು ಬಡಗಿಯ ಅಂಗಡಿಗೇ ಬರತೊಡಗಿದಳು. ಅವನು ಸ್ಟೂಲಿನ ಹೊಟ್ಟು ಒರೆಸಿ ಕೊಡುತ್ತಿದ್ದ. ಕೂತ ಕೂಡಲೇ ಚುಚ್ಚುತ್ತಿದ್ದ.

"ವಿದೇಶ ಅಂದ್ರೆ ಸಾಕು, ಜನ ಕಣ್ಣು ಮುಚ್ಕೊಂಡು ಹೊರಟುಬಿಡ್ತಾರೆ!"

'ನನ್ನ ಕಂಡ್ರೆ ಇಷ್ಟು ತಾತ್ಸಾರಾನಾ? ಇರಲಿ, ಇವನು ನನಗೆ ಯಾರು?' ಎಂದುಕೊಂಡಳು. ಆದರೂ ದಾರಿಯುದ್ದಕ್ಕೂ ಕಣ್ಣು ತುಂಬಿ ಬರುತ್ತಿತ್ತು.

ಹೊರಡುವ ಹಿಂದಿನ ಸಂಜೆ ಬಟ್ಟಲು ಸಿದ್ಧವಾಗಿತ್ತು. ನುಣುಪಾಗಿ, ಅಂಗೈಯಷ್ಟೇ ಬೆಚ್ಚಗೆ.

"ಹೆಸರು ಕೊರೀತೀನಿ, ಹೇಳಿ," ಅವನು ಮುಖ ನೋಡದೆ ಕೇಳಿದ.

"ಇಬ್ಬರದೂ ಬೇಕು."

"ಗೊತ್ತು ಬಿಡಿ, ಜೋಡಿ ಹೆಸರು! ನಿಮ್ಮದು ಮೇಲಾ, ಕೆಳಗಾ?"

"ನನ್ನದ್ಯಾಕ್ರೀ? ಅವರದು, ಅವರ ಹೆಂಡತೀದು!"

ಎತ್ತಿದ್ದ ಉಳಿ ಗಾಳಿಯಲ್ಲೇ ನಿಂತಿತು.

"ಹೆಂಡತಿ ಬೇರೆ ಇದ್ದಾರಾ? ಥೂ! ನಾಚಿಕೆ ಆಗಲ್ವಾ ಆ ಮುದುಕನಿಗೆ?"

"ಕಟ್ಕೊಂಡ ಹೆಂಡತಿ ಜೊತೆ ಬಾಳೋಕೆ ಯಾಕ್ರೀ ನಾಚಿಕೆ? ನಾನು ಅವರ ಮನೇಲಿ ಒಂದು ರೂಮಲ್ಲಿ ಇರ್ತೀನಷ್ಟೇ. ತರಬೇತಿ ಮುಗಿದ್ಮೇಲೆ ವಾಪಸ್!"

"ಮತ್ತೆ... 'ನಮ್ಮ ಮನೆಯವರು' ಅಂದ್ರಿ?"

ಅವಳು ನಾಲಿಗೆ ಕಚ್ಚಿಕೊಂಡಳು. "ಅಯ್ಯೋ ದೇವರೇ! ನನಗಿನ್ನೂ ಮದುವೇನೇ ಆಗಿಲ್ಲ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಅವನು ಮಾತ್ರ ಮೊದಲು ನಗು ನಿಲ್ಲಿಸಿದ.

"ಇಲ್ಲದ ಮನುಷ್ಯನ್ನ ದಿನಾ ಶಪಿಸ್ತಿದ್ದೆ ರೀ... ನಿಮ್ಮನ್ನ ಅಲ್ಲ. ಅವನ ಜಾಗದಲ್ಲಿ ನಾನಿರಬಾರದಿತ್ತಾ ಅಂತ ಹೊಟ್ಟೆಕಿಚ್ಚು."

ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. ಅವನು ಆ ದಂಪತಿಯ ಹೆಸರು ಕೊರೆದು, ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟ, ಕೈ ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ವಾಪಸ್ ಬರುವಾಗ... ನಿಮ್ಮ ಮನೆಯವರಿಗೆ ಏನು ತರ್ತೀರಿ?"

"ಯಾವ ಮನೆಯವರು?"

"ಇಲ್ಲಿರೋ ಮನೆಯವರು. ಕೂದಲಲ್ಲಿ ಹೊಟ್ಟು ತುಂಬಿರೋರು."

ಅವಳು ತುಟಿ ಬಿಗಿಹಿಡಿದು ನಗು ನುಂಗಿದಳು.

"ಅವರಿಗೆ ಬಾಯಿ ಜಾಸ್ತಿ. ಒಂದು ಬೀಗ ತರ್ತೀನಿ."

"ಬೀಗದ ಕೈ?"

"ಅದು ನನ್ನ ಹತ್ರಾನೇ ಇರುತ್ತೆ," ಅವಳು ಪಿಸುಗುಟ್ಟಿದಳು. "ಹಾಕೋಕೆ ಇನ್ನೊಂದು ಬಟ್ಟಲು ಮಾಡಿಟ್ಟಿರಿ... ನಮ್ಮ ಬಾಗಿಲಿಗೆ."