ಏಳು ವಾರದ ಕಟ್ಟು

ಅಂಜಿನಪ್ಪನ ಮೊಣಕೈ ಕಟ್ಟು ಬಿಚ್ಚಿದ ದಿನವೇ ಹುಲಿಗೆಮ್ಮನಿಗೆ ತಾನು ಮಾಡಿದ್ದೇನೆಂದು ಗೊತ್ತಾಯಿತು. ತೋಳು ಬಾಗಿದಂತೆಯೇ ನಿಂತಿತ್ತು. ನೀಡಲೂ ಬಾರದು, ಮಡಚಲೂ ಬಾರದು.

"ಏನಮ್ಮಾ, ಕೈ ವಾಪಸ್ ಕೊಡಲ್ವಾ? ನೀನೇ ಇಟ್ಕೊಂತೀಯಾ?" ಎಂದ ಅವನು, ಅವಳ ಕಣ್ಣನ್ನೇ ನೋಡುತ್ತಾ.

ಅವಳು ಎಣ್ಣೆ ಬಟ್ಟಲಿನ ಕಡೆ ತಿರುಗಿದಳು.

ಬೀರೂರು ಜಂಕ್ಷನ್ನಿನ ಕ್ಯಾಬಿನ್ನಿನಲ್ಲಿ ಸಿಗ್ನಲ್ ಲಿವರ್ ಎಳೆಯುವುದು ಅವನ ಕೆಲಸ. ಮೆಟ್ಟಿಲಿಂದ ಜಾರಿ ಬಿದ್ದು ಮೂಳೆ ಬಿರುಕು ಬಿಟ್ಟಾಗ ರೈಲು ಹತ್ತಿ ಅಜ್ಜಂಪುರಕ್ಕೆ, ಮೂಳೆ ಕಟ್ಟುವ ಅಜ್ಜಯ್ಯನ ಜಗಲಿಗೆ ಬಂದಿದ್ದ. ಅಜ್ಜಯ್ಯನ ಕಣ್ಣಿಗೆ ಪೊರೆ ಬಂದು, ಬೆರಳು ಮರಗಟ್ಟಿ ನಾಲ್ಕು ವರ್ಷ. ಮುಟ್ಟಿ ನೋಡುವವಳು, ಬಿದಿರು ದಬ್ಬೆ ಇಟ್ಟು ಕಟ್ಟುವವಳು ಮಗಳು ಹುಲಿಗೆಮ್ಮ. ಅದಕ್ಕೇ ಅವಳಿಗೆ ಇಪ್ಪತ್ತೆರಡಾದರೂ ಮನೆಯಲ್ಲಿ ಮದುವೆಯ ಮಾತು ಎದ್ದಿರಲಿಲ್ಲ.

ಪ್ರತಿ ಸೋಮವಾರ ಅವನು ಕಟ್ಟು ಬದಲಿಸಿಕೊಳ್ಳಲು ಬರುತ್ತಿದ್ದ. ಸ್ಟೇಷನ್ ಮಾಸ್ಟರರ ಕೆಮ್ಮು, ಗಾರ್ಡಿನ ನಡಿಗೆ ಎಲ್ಲವನ್ನೂ ಒಂದೇ ಕೈಯಲ್ಲಿ ಮಾಡಿ ತೋರಿಸುತ್ತಿದ್ದ. ಅವಳು ತುಟಿ ಕಚ್ಚಿಕೊಂಡರೆ, "ನಕ್ಕರೆ ದಬ್ಬೆ ಸಡ್ಲಾಗಲ್ಲ ಕಣಮ್ಮ" ಎನ್ನುತ್ತಿದ್ದ. ಆ ಒಂದು ದಿನಕ್ಕಾಗಿ ಅವಳು ಮಿಕ್ಕ ಆರು ದಿನ ತಳ್ಳುತ್ತಿದ್ದಳು.

ಮೂರನೆಯ ಸೋಮವಾರ ಅಪ್ಪ ಕೇಳಿದ್ದ, "ಲೇ ಹುಲಿಗಿ, ಕೂಡ್ತೇನೇ?"

ಮೂಳೆ ಕೂಡಿದೆ ಎಂದು ಬೆರಳಿಗೆ ತಿಳಿಯಿತು. "ಇನ್ನೂ ಹಸಿ ಐತಪ್ಪಾ" ಎಂದಳು. ಬಿಚ್ಚಿದರೆ ಅವನು ಮತ್ತೆ ಬರುವುದಿಲ್ಲ ಎಂಬುದಷ್ಟೇ ಅವಳ ತಲೆಯಲ್ಲಿತ್ತು. ಮುಂದಿನ ಮೂರು ಸೋಮವಾರವೂ ಅದೇ ಸುಳ್ಳು ಹೇಳಿ, ಏಳನೆಯದಕ್ಕೆ ಇವತ್ತು ಕಟ್ಟು ಬಿಚ್ಚಿದ್ದಳು.

"ಹತ್ತನೇ ತಾರೀಖು ರೈಲ್ವೆ ಡಾಕ್ಟರ್ ಮುಂದೆ ಕೈ ನೀಡಿ ತೋರಿಸ್ಬೇಕು. ಆಗ್ದಿದ್ರೆ ಲಿವರ್ ಕೆಲಸ ಹೋಯ್ತು" ಎಂದ ಅಂಜಿನಪ್ಪ. ಈಗ ಅವನ ಮುಖದಲ್ಲಿ ನಗುವಿರಲಿಲ್ಲ.

ಇನ್ನು ಇಪ್ಪತ್ತು ದಿನ ಉಳಿದಿತ್ತು. ಅವಳು ಎಣ್ಣೆ ಹಚ್ಚಿ ನೀವಿದಳು, ಎಳೆದಳು. ಅವನು ದಿನವೂ ಬಂದ. ಅವನು ಹಲ್ಲು ಕಚ್ಚಿದಷ್ಟೂ ಇವಳು ಜೋರಾಗಿ ಎಳೆದಳು, ತಪ್ಪನ್ನು ಬಲದಿಂದಲೇ ಸರಿಮಾಡುವವಳಂತೆ. ನಾಲ್ಕನೆಯ ದಿನ ಮೊಣಕೈ ಊದಿ ಕೆಂಡದಂತೆ ಬಿಸಿಯಾಯಿತು.

"ತರೀಕೆರೆ ಆಸ್ಪತ್ರೆಗೆ ಹೋಗಾನ. ನಾನೂ ಬತ್ತೀನಿ" ಎಂದಳು. ಅಜ್ಜಯ್ಯ ಬೇಡವೆನ್ನಲಿಲ್ಲ.

ಆಸ್ಪತ್ರೆಯ ಡಾಕ್ಟರು ಕೈ ಹಿಡಿದು ನೋಡಿ, "ಎಷ್ಟು ವಾರ ಕಟ್ಟಿದ್ರಿ?" ಎಂದರು.

"ಏಳು ಸಾರ್" ಎಂದ ಅಂಜಿನಪ್ಪ.

"ಮೂರು ಸಾಕಿತ್ತಲ್ರೀ! ಕೀಲು ಬಿಗಿದುಕೊಂಡಿದೆ. ಅದರ ಮೇಲೆ ಎಳೆದು ಊದಿಸಿದ್ದೀರಿ. ಇನ್ನು ಯಾರೂ ಮುಟ್ಟಕೂಡದು, ಎಣ್ಣೆಯೂ ಬೇಡ. ಬಿಸಿನೀರಲ್ಲಿ ಕೈಯಿಟ್ಟು ನೀವೇ ನೀಡಿ, ನೀವೇ ಮಡಚಿ. ಹತ್ತು ಸಲ, ದಿನಕ್ಕೆ ಆರು ಹೊತ್ತು. ತಿಂಗಳುಗಟ್ಟಲೆ ಹಿಡಿಯುತ್ತೆ."

ಬಸ್ ಸ್ಟ್ಯಾಂಡಿನಲ್ಲಿ ಬೀರೂರಿನ ಬಸ್ಸು ನಿಂತಿತ್ತು. ಹುಲಿಗೆಮ್ಮ ಸೆರಗಿನ ಅಂಚು ತಿರುಚುತ್ತಾ ಹೇಳಿಯೇಬಿಟ್ಟಳು. "ಮೂರನೇ ವಾರಕ್ಕೇ ಕೂಡಿತ್ತು. ನಂಗೊತ್ತಿತ್ತು. ನೀವು ಬರೋದು ನಿಂತೋಗುತ್ತೆ ಅಂತ ಅಪ್ಪಂಗೆ ಸುಳ್ಳು ಹೇಳ್ದೆ."

ಅವನು ತನ್ನ ಕೈಯನ್ನೂ ಅವಳನ್ನೂ ನೋಡಿದ.

"ಅದ್ಕೆ ನನ್ನ ಕೈ ಕಟ್ಟಾಕ್ಬೇಕಿತ್ತಾ? ಬಾಯ್ಬಿಟ್ಟು ಕೇಳಿದ್ರೆ ಆಗ್ತಿರಲಿಲ್ವಾ?"

"ಕೇಳಿದ್ರೆ ಏನಂತಿದ್ರಿ?"

"ಹೂಂ ಅಂತಿದ್ದೆ." ಅವನ ದನಿ ಒಡೆಯಿತು. "ಎರಡನೇ ಸೋಮವಾರಾನೇ ಹೂಂ ಅಂತಿದ್ದೆ ಕಣೇ."

ಬಸ್ಸು ಹತ್ತಿದವನು ತಿರುಗಿ ನೋಡಲಿಲ್ಲ.

ಅವಳು ಅಪ್ಪನಿಗೂ ಹೇಳಿದಳು. ಅಜ್ಜಯ್ಯ ದಬ್ಬೆಗಳನ್ನೆಲ್ಲ ಅಟ್ಟಕ್ಕೆ ಹಾಕಿಸಿ, ಬಂದವರನ್ನು ಆಸ್ಪತ್ರೆಗೆ ಹೋಗಿ ಎಂದು ಕಳಿಸತೊಡಗಿದ. ಮಗಳ ಜೊತೆ ಮಾತು ಬಿಟ್ಟ. ಸೋಮವಾರಗಳು ಬಂದವು, ರೈಲೂ ಬಂತು, ಅಂಜಿನಪ್ಪ ಬರಲಿಲ್ಲ.

ಹತ್ತನೇ ತಾರೀಖು ಕಳೆಯಿತು. ಹನ್ನೊಂದಕ್ಕೆ ಅವಳೇ ರೈಲು ಹತ್ತಿದಳು.

ಬೀರೂರಿನ ರೈಲ್ವೆ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಅವನು ಹಬೆಯಾಡುವ ಬಕೆಟ್ಟಿನ ಮುಂದೆ ಕೂತಿದ್ದ. ಕೈ ಅರ್ಧದಷ್ಟೂ ನೀಡಲು ಬರುತ್ತಿರಲಿಲ್ಲ.

"ಡಾಕ್ಟರ್ ಏನಂದ್ರು?" ಎಂದಳು.

"ಲಿವರ್ ಕೊಡ್ಲಿಲ್ಲ. ವೇಟಿಂಗ್ ರೂಮ್ ಗುಡಿಸೋಕೆ ಹಾಕವ್ರೆ. ಆರು ತಿಂಗಳಾದ್ಮೇಲೆ ಇನ್ನೊಂದ್ಸಲ ನೋಡ್ತಾರಂತೆ. ಆಗ್ಲೂ ಬರ್ದಿದ್ರೆ ಅದೇ ಪೊರಕೆ, ಸಾಯೋವರ್ಗೂ."

ಅವಳ ಕೈ ತಾನಾಗಿ ಮುಂದೆ ಬಂತು.

"ಮುಟ್ಬೇಡ!"

ಅವಳು ಕೈ ಹಿಂದಕ್ಕೆಳೆದು ತಿರುಗಿದಳು. ಬಾಗಿಲ ತನಕ ಹೋದಾಗ ಹಿಂದಿನಿಂದ ಅವನ ದನಿ ಬಂತು.

"ಎಲ್ಲಿಗೆ? ಮುಟ್ಬೇಡ ಅಂದೆ, ಹೋಗು ಅನ್ನಲಿಲ್ಲ. ಕೂತ್ಕೊಂಡು ಎಣಿಸು. ನೋವಲ್ಲಿ ನಂಗೆ ಲೆಕ್ಕ ತಪ್ಪುತ್ತೆ, ಅರ್ಧಕ್ಕೇ ಬಿಟ್ಬಿಡ್ತೀನಿ."

ಅವಳು ಎರಡೂ ಕೈ ಮಡಿಲಲ್ಲಿ ಕಟ್ಟಿಕೊಂಡು ಎದುರಿಗೆ ಕೂತಳು. ಅವನು ಕೈ ನೀಡಿದ, ಮಡಚಿದ. ಮತ್ತೆ ನೀಡಿದ. ಹಣೆಯಿಂದ ಬೆವರು ಬಕೆಟ್ಟಿಗೆ ತೊಟ್ಟಿಕ್ಕಿತು, ತುಟಿ ಬಿಳಿಚಿಕೊಂಡಿತು.

"ಹತ್ತಾಯ್ತಾ?" ಎಂದ, ಉಸಿರು ಸಿಕ್ಕಿಹಾಕಿಕೊಂಡು.

ಹೂಂ ಎಂದುಬಿಡಲು ಅವಳ ಇಡೀ ಮೈ ಹಾತೊರೆಯಿತು. ಅಂದರೆ ಅವನ ನೋವು ಅಲ್ಲಿಗೇ ನಿಲ್ಲುತ್ತಿತ್ತು.

"ಇಲ್ಲ," ಎಂದಳು, ಅಳುತ್ತಲೇ. "ಆರು."

ಅಂಜಿನಪ್ಪ ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಕೈಯನ್ನು ಬಿಸಿನೀರಿಗೆ ಅದ್ದಿ, ಏಳನೆಯ ಸಲ ನೀಡತೊಡಗಿದ.